ಡಿಫೆನ್ಸ್ ಆಡೋ ಮಗನಿಗೆ ಪಾಲ್ ಕಾಫಿ ವಿಡಿಯೋ ತೋರಿಸ್ಬೇಕಾ? ಉದ್ದ ಉತ್ತರ

ಅಕ್ಕ, ನಿಮ್ ಪೋಸ್ಟ್ ನಿನ್ನೆ ರಾತ್ರಿನೇ ನೋಡ್ದೆ, ಬರೆಯೋಕ್ ಕೂತ್ರೆ ಉದ್ದ ಆಗತ್ತೆ ಅಂತ ಬಿಟ್ಟಿದ್ದೆ. ಈಗ ಮಗಳ ಪ್ರಾಕ್ಟೀಸ್ ನಡೀತಿದೆ, ರಿಂಕ್ (ಐಸ್ ಹಾಕಿ ಆಡೋ ಮಂಜುಗಡ್ಡೆ ಅಂಗಳ) ಪಕ್ಕದ ಬೆಂಚಲ್ಲಿ ಒಂದು ಕೈ ಜೇಬಲ್ಲಿ ಇಟ್ಕೊಂಡು ಇನ್ನೊಂದ್ರಲ್ಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಅಡ್ಜಸ್ಟ್ ಮಾಡ್ಕೊಳಿ.

ನೀವು ಕೇಳಿದ್ದು ಮೂರು ವಿಷಯ. ಹತ್ತು ವರ್ಷದ ಮಗನ್ನ ಐಸ್ ಹಾಕಿ ಟೀಮಲ್ಲಿ ಡಿಫೆನ್ಸಲ್ಲಿ ಹಾಕಿದಾರೆ, ಕೋಚ್ ಹಳೇ NHL (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಆಟಗಾರ ಪಾಲ್ ಕಾಫಿ ವಿಡಿಯೋ ನೋಡು ಅಂದಿದಾರೆ, ಆದ್ರೆ ಹುಡುಕಿದ್ರೆ ಒಂಬತ್ತು ಟೀಮ್ ಸುತ್ತಿದ ಮನುಷ್ಯ, ಅಂಥವ್ರನ್ನ ಮಾದರಿ ಮಾಡ್ಕೋಬೇಕಾ ಅನ್ನೋದು ಒಂದು. ಡಿಫೆನ್ಸ್ ಅಂದ್ಮೇಲೆ ಹಿಂದೆ ನಿಲ್ಬೇಕಲ್ವಾ, ಈಯಪ್ಪ ಯಾವಾಗ್ ನೋಡಿದ್ರೂ ಎದುರು ಗೋಲ್ ಹತ್ರನೇ ಇರ್ತಾನಲ್ಲ ಅನ್ನೋದು ಎರಡು. ಮೂರನೇದು ಸ್ಕೇಟ್ ಸೈಜು. ಮೂರನೇದೇ ಅರ್ಜೆಂಟು ಅನ್ಸತ್ತೆ, ಕಾಫಿ ಥರ ಚಿಕ್ಕ ಸ್ಕೇಟೇ ಬೇಕು ಅಂತ ಮಗ ಆಗ್ಲೇ ಹಠ ಹಿಡಿದಿದಾನೆ ಅಂದ್ರಲ್ಲ, ಅದನ್ನ ಮೊದಲು ಮುಗಿಸ್ತೀನಿ.

ಕಾಫಿ ತಮ್ಮ ಕಾಲಿಗಿಂತ ತುಂಬ ಚಿಕ್ಕ ಸ್ಕೇಟ್ ಹಾಕ್ತಿದ್ರು ಅನ್ನೋದು ನಿಜ, ಹಾಕಿ ನೋಡೋರಿಗೆಲ್ಲ ಗೊತ್ತಿರೋ ಮಾತು. ಕಾಲಿಗೂ ಬೂಟಿಗೂ ಮಧ್ಯೆ ಒಂಚೂರೂ ಜಾಗ ಇರ್ಬಾರ್ದು ಅನ್ನೋ ಲೆಕ್ಕ. ಆದ್ರೆ ಅವ್ರದ್ದು ಬೆಳೆದು ಮುಗಿದ ಕಾಲು, ನಿಮ್ ಮಗಂದು ಬೆಳೀತಿರೋದು, ದಯವಿಟ್ಟು ಅದನ್ನ ಮಾಡ್ಬೇಡಿ. ಹಾಗಂತ ನಾನು ಮಾಡಿದ ತಪ್ಪೂ ಮಾಡ್ಬೇಡಿ. ನಮ್ಮೋರ ಬುದ್ಧಿ ನಿಮಗ್ ಗೊತ್ತಲ್ಲ, ಸ್ಕೂಲ್ ಯೂನಿಫಾರ್ಮ್ ತಗೊಂಡ ಹಾಗೆ "ಬೆಳೆಯೋ ಮಗು, ಇರ್ಲಿ" ಅಂತ ಎರಡು ಸೈಜ್ ದೊಡ್ಡದು ತಂದ್ಬಿಟ್ಟೆ. ಮಗಳು ಒಳಗೆ ಎರಡು ಜೊತೆ ಸಾಕ್ಸ್ ಹಾಕ್ಕೊಂಡು ಆಡಿದ್ಲು, ಕಾಲ್ಗಂಟು ಎರಡೂ ಒಳಗಡೆ ವಾಲ್ಕೊಂಡು ಬಾತುಕೋಳಿ ಥರ ಹೋಗ್ತಿದ್ಲು, ಮೂರನೇ ವಾರಕ್ಕೆ ಹಿಮ್ಮಡಿಲಿ ಬೊಬ್ಬೆ. ನೂರೈವತ್ತು ಡಾಲರ್ ನೀರಲ್ಲಿ ಹೋಮ.

ಅಂಗಡಿಲಿ ನೋಡೋದ್ ಹೀಗೆ. ಸ್ಕೇಟ್ ಸೈಜು ಮಾಮೂಲಿ ಶೂಗಿಂತ ಒಂದರಿಂದ ಒಂದೂವರೆ ಕಮ್ಮಿ ಇರತ್ತೆ, ಹಾಗಾಗಿ ಶೂ ನಂಬರ್ ಹೇಳಿ ತಗೊಂಡ್ ಬರ್ಬೇಡಿ. ಆಡೋವಾಗ ಹಾಕೋ ತೆಳು ಸಾಕ್ಸನ್ನೇ ಹಾಕಿಸ್ಕೊಂಡ್ ಹೋಗಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗಟ್ಟಿ ಭಾಗಕ್ಕೆ ಸುಮ್ನೆ ತಾಗ್ಬೇಕು, ಮಂಡಿ ಬಗ್ಗಿಸಿ ಆಡೋ ಥರ ನಿಂತಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಸ್ಕೋಬೇಕು. ಲೇಸ್ ಕಟ್ಟದೆ ಕಾಲನ್ನ ಮುಂದಕ್ಕೆ ತಳ್ಳಿಸಿ ಹಿಮ್ಮಡಿ ಹಿಂದೆ ನಿಮ್ ಬೆರಳು ಹಾಕಿ ನೋಡಿ, ಒಂದು ಬೆರಳು ಸಲೀಸಾಗಿ ಒಳಗ್ ಹೋಗಿ ಇನ್ನೂ ಜಾಗ ಉಳೀತು ಅಂದ್ರೆ ದೊಡ್ಡದಾಯ್ತು. ಮಕ್ಕಳಿಗೆ ಅರ್ಧ ಸೈಜ್ ಬಿಟ್ರೆ ಸಾಕು. ಹೊಸದಾದ್ರೆ ಅಂಗಡಿಲೇ ಓವನಲ್ಲಿ ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸಿ ಕೊಡ್ತಾರೆ, ಕೇಳಿ ಮಾಡಿಸ್ಕೊಳಿ.

ಈಗ ಒಂಬತ್ತು ಟೀಮಿನ ಕಥೆ. ನಿಮ್ ಪೋಸ್ಟ್ ಕೆಳಗಡೆ ಒಬ್ರು "ಅಷ್ಟು ಕಡೆ ಓಡಾಡಿದಾನೆ ಅಂದ್ರೆ ಎಲ್ಲೂ ಬೇಡ ಆದವನು" ಅಂತ ಕಾಮೆಂಟ್ ಹಾಕಿದಾರೆ. ಸರ್, ಬೇಜಾರ್ ಮಾಡ್ಕೋಬೇಡಿ, ಇಲ್ಲಿ ಟ್ರೇಡ್ (ಟೀಮುಗಳು ಆಟಗಾರರನ್ನ ಅದಲುಬದಲು ಮಾಡ್ಕೊಳ್ಳೋದು) ಅನ್ನೋದು ನಮ್ಮೂರಲ್ಲಿ ಮೇಷ್ಟ್ರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂದ ಹಾಗೆ. ನಮ್ಮಪ್ಪನಿಗೆ ಇಪ್ಪತ್ತೆಂಟು ವರ್ಷದ ಸರ್ವಿಸಲ್ಲಿ ಆರು ಊರು, ಹಾಗಂತ ಆರೂ ಊರಿನೋರು ಓಡಿಸಿದ್ರು ಅಂತಾನಾ? ಆರ್ಡರ್ ಯಾಕ್ ಬಂತು ಅಂತ ಒಂದೊಂದಾಗಿ ನೋಡ್ಬೇಕು.

ಕಾಫಿ (ನಮ್ ಚಿಕ್ಕಮಗಳೂರಿಗೂ ಇವ್ರಿಗೂ ಸಂಬಂಧ ಇಲ್ಲ, ಮನೆಲಿ ಈ ಜೋಕ್ ಹೊಡೆದು ಹೊಡೆದು ಬೈಸ್ಕೊಂಡಿದೀನಿ) 1980ರ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸ ಹುಡುಗ್ರನ್ನ ಆರಿಸ್ಕೊಳ್ಳೋದು) ಆರನೇಯವರಾಗಿ ಎಡ್ಮಂಟನ್ ಆಯ್ಲರ್ಸ್‌ಗೆ ಬಂದ್ರು. ಗ್ರೆಟ್ಸ್ಕಿ, ಮೆಸ್ಸಿಯರ್, ಯಾರಿ ಕುರ್ರಿಯಂಥ ಸ್ಟಾರ್ ಆಟಗಾರರಿದ್ದ ಟೀಮದು. 1984, 1985, 1987, ಮೂರು ಸ್ಟಾನ್ಲಿ ಕಪ್ (ಲೀಗ್ ಚಾಂಪಿಯನ್‌ಗೆ ಕೊಡೋದು) ಅಲ್ಲೇ. ಆಮೇಲೆ ಸಂಬಳದ ವಿಷಯದಲ್ಲಿ ಮಾಲೀಕರ ಜೊತೆ ಕೆಟ್ಟು ಸೀಸನ್ ಶುರುವಾದ್ರೂ ಆಡೋಕೆ ಬರ್ಲಿಲ್ಲ, 1987ರ ನವೆಂಬರಲ್ಲಿ ಪಿಟ್ಸ್‌ಬರ್ಗ್‌ಗೆ ಟ್ರೇಡ್. ಇದು ಬೇಡವಾಗಿ ಕಳಿಸಿದ್ದಲ್ಲ, ದುಡ್ಡಿನ ಜಗಳ. ಪಿಟ್ಸ್‌ಬರ್ಗಲ್ಲಿ ಇನ್ನೊಬ್ಬ ಸ್ಟಾರ್ ಲೆಮ್ಯೂ ಜೊತೆ ಆಡಿ 1991ರಲ್ಲಿ ನಾಲ್ಕನೇ ಕಪ್.

ಇಲ್ಲಿಂದ ಮುಂದೆ ಮಾತ್ರ ಅವ್ರ ನಸೀಬು ನೋಡಿ ನಗ್ಬೇಕೋ ಅಯ್ಯೋ ಅನ್ಬೇಕೋ ಗೊತ್ತಾಗಲ್ಲ. 1992ರ ಫೆಬ್ರವರಿಲಿ ಲಾಸ್ ಏಂಜಲೀಸ್‌ಗೆ ಕಳಿಸಿದ್ರು, ಅದೇ ವರ್ಷ ಪಿಟ್ಸ್‌ಬರ್ಗ್ ಮತ್ತೆ ಕಪ್ ಗೆಲ್ತು. 1993ರ ಜನವರಿಲಿ ಲಾಸ್ ಏಂಜಲೀಸ್ ಅವ್ರನ್ನ ಡೆಟ್ರಾಯ್ಟ್‌ಗೆ ಕಳಿಸ್ತು, ಅದೇ ವರ್ಷ ಲಾಸ್ ಏಂಜಲೀಸ್ ಫೈನಲ್‌ಗೆ ಹೋಯ್ತು. 1996ರ ಅಕ್ಟೋಬರಲ್ಲಿ ಡೆಟ್ರಾಯ್ಟ್‌ಗೆ ಶ್ಯಾನಹನ್ ಅನ್ನೋ ಆಟಗಾರ ಬೇಕಾಗಿತ್ತು, ಕಾಫಿನ ಹಾರ್ಟ್‌ಫರ್ಡ್‌ಗೆ ಕಳಿಸಿದ್ರು, ಇಪ್ಪತ್ತೇ ಮ್ಯಾಚ್ ಆಡಿ ಅಲ್ಲಿಂದ ಫಿಲಡೆಲ್ಫಿಯಾ. ಸರಿ, ಫಿಲಡೆಲ್ಫಿಯಾ 1997ರ ಫೈನಲ್‌ಗೆ ಬಂತು, ಎದುರಿಗೆ ಯಾರು? ಡೆಟ್ರಾಯ್ಟ್. 4-0 ಸೋಲು. ಬಿಟ್ಟು ಬಂದ ಮನೆಯೋರೇ ಕಣ್ಣೆದುರು ಕಪ್ ಎತ್ತಿದ್ರು.

ಕೊನೆಗೆ ಶಿಕಾಗೋದಲ್ಲಿ ಹತ್ತು ಮ್ಯಾಚು, ಕ್ಯಾರೊಲೈನಾ, ಬೋಸ್ಟನಲ್ಲಿ ಹದಿನೆಂಟು ಮ್ಯಾಚು, ಅಲ್ಲಿಗೆ ಮುಗೀತು. ಇದ್ರಲ್ಲಿ ಇನ್ನೊಂದ್ ತಮಾಷೆ, ಹಾರ್ಟ್‌ಫರ್ಡ್ ಟೀಮೇ 1997ರಲ್ಲಿ ಊರು ಬದಲಿಸಿ ಕ್ಯಾರೊಲೈನಾ ಆಗಿದ್ದು. ಆಟಗಾರನ ಜೊತೆ ಟೀಮೂ ವಲಸೆ ಹೋಗಿದೆ, ಹಾಗಾಗಿ ಸರಿಯಾಗಿ ಲೆಕ್ಕ ಹಾಕಿದ್ರೆ ಹೆಸರು ಒಂಬತ್ತು, ಸಂಸ್ಥೆ ಎಂಟು.

ಕೊನೇ ಎರಡ್ಮೂರು ವರ್ಷ ಇಳಿಮುಖ ಅಂತ ನಾನೂ ಒಪ್ತೀನಿ. ಆದ್ರೆ ಮೊದಲ ನಾಲ್ಕು ಬದಲಾವಣೆನ ಅದ್ರ ಜೊತೆ ಸೇರಿಸ್ಬೇಡಿ. ಡೆಟ್ರಾಯ್ಟಲ್ಲಿ 1995ರಲ್ಲಿ, ಮೂವತ್ತಮೂರು ವಯಸ್ಸಲ್ಲಿ, ಲಾಕೌಟ್ ಆಗಿ 48 ಮ್ಯಾಚ್‌ಗೆ ಮೊಟಕಾದ ಸೀಸನಲ್ಲಿ 45 ಆಡಿ 58 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ಪಾಸು ಅಂದ್ರೆ ಅಸಿಸ್ಟು, ಎರಡೂ ಸೇರಿ), ಆ ಟೀಮಿನ ಯಾವ ಫಾರ್ವರ್ಡ್‌ಗೂ ಅಷ್ಟಿರಲಿಲ್ಲ. ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡೋ ನಾರಿಸ್ ಟ್ರೋಫಿ ಮೂರನೇ ಸಲ ಬಂದಿದ್ದು ಆಗಲೇ, ಮೊದಲೆರಡು 1985, 1986ರಲ್ಲಿ. ಒಟ್ಟು 1,409 ಮ್ಯಾಚು, 396 ಗೋಲು, 1,531 ಪಾಯಿಂಟು. ಡಿಫೆನ್ಸ್ ಆಟಗಾರರಲ್ಲಿ ಇದಕ್ಕಿಂತ ಜಾಸ್ತಿ ಪಾಯಿಂಟ್ ಇರೋದು ರೇ ಬೂರ್ಕ್ ಒಬ್ರಿಗೇ. 1985-86ರಲ್ಲಿ 48 ಗೋಲು ಹೊಡೆದು ಇನ್ನೊಬ್ಬ ಡಿಫೆನ್ಸ್ ಆಟಗಾರ ಬಾಬಿ ಆರ್ ಅವ್ರ 46ರ ದಾಖಲೆ ಮುರಿದ್ರು, ಅದು ಇವತ್ತಿಗೂ ಹಾಗೇ ಇದೆ. ಆ ವರ್ಷ 138 ಪಾಯಿಂಟು, ಆರ್ ಅವ್ರ 139ಕ್ಕೆ ಒಂದೇ ಒಂದು ಕಮ್ಮಿ, ನನಗೇ ಹೊಟ್ಟೆ ಉರಿಯತ್ತೆ.

ಇನ್ನು ಡಿಫೆನ್ಸ್ ಬಿಟ್ಟು ಮುಂದೆ ಓಡೋ ವಿಷಯ. ಕಾಫಿಗೆ ಡಿಫೆನ್ಸೇ ಬರಲ್ಲ ಅಂತ ಆಗಲೂ ಜನ ಆಡ್ಕೊಳ್ತಿದ್ರು. ಮಗನಿಗೆ 48 ಗೋಲಿನ ವಿಡಿಯೋ ಆಮೇಲೆ ತೋರಿಸಿ, ಮೊದಲು 1984ರ ಕೆನಡಾ ಕಪ್ ಸೆಮಿಫೈನಲ್ ತೋರಿಸಿ, ಕ್ಯಾಲ್ಗರಿಲಿ ಸೋವಿಯತ್ ಟೀಮ್ ಮೇಲೆ ಆಡಿದ್ದು. ಸ್ಕೋರ್ 2-2, ಓವರ್‌ಟೈಮ್. ಸೋವಿಯತ್‌ನೋರು ಇಬ್ರು ಪಕ್ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ತಗೊಂಡ್ ನುಗ್ತಾರೆ, ಮಧ್ಯೆ ಕೆನಡಾದ ಒಬ್ಬನೇ ಒಬ್ಬ, ಅದು ಕಾಫಿ. ಅಲ್ಲಿ ವಿಡಿಯೋ ನಿಲ್ಸಿ ಮಗನಿಗೆ ಕಾಲು ನೋಡು ಅನ್ನಿ. ಹಿಂದಕ್ಕೆ ಸ್ಕೇಟ್ ಮಾಡ್ತಾ ಇಬ್ರ ಮಧ್ಯದ ದಾರಿಲೇ ಇರ್ತಾರೆ, ಪಕ್ ಇರೋನ ಮೇಲೆ ಬೀಳಲ್ಲ, ಪಾಸ್ ಬರೋ ದಾರಿಗೆ ಸ್ಟಿಕ್ ಹಾಕಿ ತಡೀತಾರೆ. ತಡೆದು ಉಸಿರು ಬಿಡಲ್ಲ, ಅದೇ ಪಕ್ ತಗೊಂಡು ಎದುರು ಕಡೆಗೆ ಹೊರಡ್ತಾರೆ. ಅಲ್ಲಿ ಕೆನಡಾದವನೇ ಆದ ಟೊನೆಲ್ಲಿ ಮೂಲೆಲಿ ಗುದ್ದಾಡಿ ಪಕ್ ಬಿಡಿಸಿ ವಾಪಸ್ ಕೊಡ್ತಾನೆ, ಕಾಫಿ ಹೊಡೀತಾರೆ, ಗೋಲ್ ಮುಂದಿದ್ದ ಮೈಕ್ ಬಾಸ್ಸಿಗೆ ತಾಗಿ ಒಳಗೆ. ಕೆನಡಾ 3-2. ತಡೆದಿದ್ದೂ ಅವ್ರೇ, ಹೊಡೆದಿದ್ದೂ ಅವ್ರೇ, ಮಧ್ಯೆ ಬರೀ ಕೆಲವು ಸೆಕೆಂಡು.

ನಿಮ್ ಮಗನಿಗೂ ಇಬ್ರು ಬಂದಾಗ ಇದೇ ಪಾಠ. ಪಕ್ ಇರೋನನ್ನ ಗೋಲ್‌ಕೀಪರ್ ನೋಡ್ಕೊಳ್ತಾನೆ, ನೀನು ಪಾಸ್ ಮುಚ್ಚು. ಅವ್ನ ವಯಸ್ಸಿಗೆ ಬಾಡಿ ಚೆಕಿಂಗ್ (ಮೈಯಿಂದ ಗುದ್ದಿ ತಡೆಯೋದು) ಇಲ್ವೇ ಇಲ್ಲ, U13 (ಹದಿಮೂರರೊಳಗಿನೋರ ವಿಭಾಗ) ಮುಗಿಯೋವರೆಗೂ ಇಲ್ಲ, ಹಾಗಾಗಿ ಸ್ಟಿಕ್ಕೂ ಕಾಲೂ ಬಿಟ್ರೆ ಬೇರೆ ಆಯುಧನೇ ಇಲ್ಲ. ದಿನಾ ಹತ್ತು ನಿಮಿಷ ಹಿಂದಕ್ಕೆ ಸ್ಕೇಟ್ ಮಾಡೋದು, ಹಿಂದಕ್ಕೆ ಹೋಗ್ತಾ ಎರಡೂ ಕಡೆಗೆ ತಿರುಗೋದು, ಇದನ್ನೇ ಮಾಡಿಸಿ. ಮಕ್ಕಳು ಬಲಗಡೆ ಸಲೀಸಾಗಿ ತಿರುಗ್ತಾರೆ, ಎಡಗಡೆ ಅಂದ್ರೆ ಕಳ್ಳಾಟ, ಅಥವಾ ಉಲ್ಟಾ. ನಮ್ಮನೇಲಿ ಅದಕ್ಕೇ ಒಂದು ಸೀಸನ್ ಹೋಯ್ತು.

ಮುಂದೆ ಹೋಗ್ಬೇಡ ಅಂತ ಕಟ್ಟಿ ಹಾಕ್ಬೇಡಿ, ಹೋಗೋ ಮುಂಚೆ ಜೊತೆಗಾರ ಎಲ್ಲಿದಾನೆ ಅಂತ ಒಂದ್ಸಲ ಕತ್ತು ತಿರುಗಿಸೋದು ಕಲಿಸಿ. ಎಡ್ಮಂಟನಲ್ಲಿ ಕಾಫಿ ಮುಂದೆ ಹೋದಾಗ ಹಿಂದೆ ಕಾಯ್ತಿದ್ದಿದ್ದು ಹೆಚ್ಚಾಗಿ ಚಾರ್ಲಿ ಹಡ್ಡಿ, ಹೆಸರು ಯಾರಿಗೂ ನೆನಪಿಲ್ಲ, ಆದ್ರೆ ಒಬ್ಬ ಆಟಗಾರ ಐಸ್ ಮೇಲಿದ್ದಾಗ ಟೀಮ್ ಹೊಡೆದ ಗೋಲಲ್ಲಿ ಬಿಟ್ಟ ಗೋಲು ಕಳೆದ ಲೆಕ್ಕ ಇದೆಯಲ್ಲ, ಆ ಪ್ಲಸ್-ಮೈನಸ್‌ಗೆ ಲೀಗ್ ಪ್ರಶಸ್ತಿ ಶುರು ಮಾಡಿದ ಮೊದಲ ವರ್ಷ, 1983ರಲ್ಲಿ, ಅದು ಹೋಗಿದ್ದು ಹಡ್ಡಿಗೇ. ಮಗ ಕಾಫಿ ಆಗ್ತೀನಿ ಅಂದ್ರೆ ಜೊತೆ ಆಡೋ ಹುಡುಗನ್ನ ಫ್ರೆಂಡ್ ಮಾಡ್ಕೋ ಅನ್ನಿ, ಅವ್ನಿಗೂ ಮುಂದೆ ಹೋಗೋಕೆ ಸರದಿ ಬಿಟ್ಕೊಡ್ಬೇಕು.

ಅಂದ ಹಾಗೆ ಇದು ಹಳೇ ಕಾಲದ ಆಟ ಅಂತ ಯಾರಾದ್ರೂ ಅಂದ್ರೆ, 2023ರ ನವೆಂಬರಲ್ಲಿ ಕಾಫಿ ಅದೇ ಎಡ್ಮಂಟನ್‌ಗೆ ಸಹಾಯಕ ಕೋಚ್ ಆಗಿ ಬಂದ್ರು, ಡಿಫೆನ್ಸ್ ನೋಡ್ಕೊಳ್ಳೋಕೆ. ಆ ಸೀಸನ್ನಿನ ಪ್ಲೇಆಫಲ್ಲಿ ಎಡ್ಮಂಟನ್ ಡಿಫೆನ್ಸಿನ ಇವಾನ್ ಬುಶಾರ್ಡ್ 26 ಅಸಿಸ್ಟ್ ಮಾಡಿದ. ಡಿಫೆನ್ಸ್ ಆಟಗಾರರ ಹಳೇ ದಾಖಲೆ 25, ಅದು 1985ರ ಕಾಫಿದೇ. ಮೇಷ್ಟ್ರು ಬೆಂಚ್ ಹಿಂದೆ ನಿಂತಿರೋವಾಗ್ಲೇ ಹುಡುಗ ಮುರಿದ.

ನೀವು ಮಿಸ್ಸಿಸಾಗಾ ಕಡೆ ಇರೋದು ಅಂದ್ರಲ್ಲ, ಏರ್‌ಪೋರ್ಟ್ ಪಕ್ಕ ಮಾಲ್ಟನಲ್ಲಿ ಇವ್ರ ಹೆಸರಿನದೇ ಅರೇನಾ ಇದೆ, ಒಂದ್ಸಲ ಮಗನ್ನ ಕರ್ಕೊಂಡ್ ಹೋಗಿ. ಮತ್ತೆ ನನ್ ಮಗಳ ಹಳೇ ಸ್ಕೇಟು (ಸರಿಯಾದ ಸೈಜಿಂದು, ಬಾತುಕೋಳಿದಲ್ಲ) ಸೈಜ್ 3, ಗ್ಯಾರೇಜಲ್ಲಿ ಸುಮ್ನೆ ಬಿದ್ದಿದೆ. ಬೆರಳು ಹಾಕಿ ನೋಡಿ, ಹಿಡಿಸಿದ್ರೆ ತಗೊಂಡ್ ಹೋಗಿ, ದುಡ್ಡೇನೂ ಬೇಡ, ಬ್ಲೇಡ್ ಮಾತ್ರ ಸಾಣೆ ಹಿಡಿಸ್ಬೇಕು. ಐಸ್ ಸಮ ಮಾಡೋ ಗಾಡಿ ಝ್ಯಾಂಬೊನಿ ಬಂತು, ಮಗಳು ಕೈ ಆಡಿಸ್ತಿದಾಳೆ, ಹೊರಟೆ.