ಘಾಟಿ ಇಳಿಯುವ ಹಳೆಯ ಸ್ಪೋರ್ಟ್ಸ್ ಕಾರಿಗೆ ಎಂಥ ಬ್ರೇಕ್?

ಪ್ರಶ್ನೆ: ನನ್ನ ಬಳಿ 1972ರ ಎಂಜಿಬಿ ರೋಡ್‌ಸ್ಟರ್ ಇದೆ, ಬಲಗಡೆ ಸ್ಟೀರಿಂಗ್. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಗೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿಕೊಂಡರೆ ಸರಿಹೋಗುತ್ತದೆ. ನಾಲ್ಕು ಪಿಸ್ಟನ್ ಕ್ಯಾಲಿಪರ್, ದೊಡ್ಡ ಡಿಸ್ಕ್, ಬೂಸ್ಟರ್ ಹಾಕಿಸಬೇಕೆಂದಿದ್ದೇನೆ. ಯಾವುದು ಮೊದಲು?
– ಓದುಗರು, ಮೂಡಿಗೆರೆ

ಉತ್ತರ: ಮೂರೂ ಈಗ ಬೇಡ. ಪೆಡಲ್ ಮೆತ್ತಗಾಗಿ ಇಳಿಯುವುದು, ತಣ್ಣಗಾದ ಮೇಲೆ ಮೊದಲಿನಂತಾಗುವುದು, ಇವೆರಡೂ ಸೇರಿದರೆ ಕ್ಯಾಲಿಪರ್ (ಪಿಸ್ಟನ್‌ನಿಂದ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಒಳಗೆ ಬ್ರೇಕ್ ಆಯಿಲ್ ಕುದಿಯುತ್ತಿದೆ ಎಂದೇ ಅರ್ಥ. ಕುದ್ದ ಆಯಿಲ್ ಆವಿಯಾಗುತ್ತದೆ. ನೀವು ತುಳಿದ ಒತ್ತಡವೆಲ್ಲ ಆ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಪಿಸ್ಟನ್ ತಳ್ಳುವುದಿಲ್ಲ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಆಗ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ ಎನ್ನಬಹುದಿತ್ತು. ನಿಮ್ಮದು ಅದಲ್ಲ.

ಘಾಟಿಯಲ್ಲಿ ಎಷ್ಟು ಶಾಖ ಹುಟ್ಟುತ್ತದೆ ಎಂಬ ಲೆಕ್ಕ ಒಮ್ಮೆ ನೋಡಿ. ಇಬ್ಬರು ಕೂತ ಎಂಜಿಬಿ ಸುಮಾರು 1,100 ಕೆ.ಜಿ. ಅದು 60 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಬ್ರೇಕಿಗೆ ಸೇರುವ ಶಕ್ತಿ ಸುಮಾರು 150 ಕಿಲೋಜೌಲ್. ಅದೇ ಕಾರು 100 ಮೀಟರ್ ಎತ್ತರ ಇಳಿದರೆ 1,080 ಕಿಲೋಜೌಲ್. ಅಂದರೆ ಪ್ರತಿ 100 ಮೀಟರ್ ಇಳಿಕೆಗೆ, ಎಂಜಿನ್ ಹಿಡಿತವಿಲ್ಲದಿದ್ದರೆ, ಏಳು ಸಲ ಗಕ್ಕನೆ ನಿಲ್ಲಿಸಿದಷ್ಟು ಕಾವು! ಅದಕ್ಕೇ ಎರಡನೇ ಗೇರ್‌ನಲ್ಲಿ ಇಳಿಯಿರಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದಕ್ಕಿಂತ ತಿರುವಿಗೆ ಮುಂಚೆ ಒಮ್ಮೆ ಬಲವಾಗಿ ತುಳಿದು ಪೂರ್ತಿ ಬಿಡುವುದು ಮೇಲು.

ಇನ್ನು ಕೆಲಸಕ್ಕೆ ಬರೋಣ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನಲ್ಲಿ ಆ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇದೇ ಅಂಕಿಗಳು 260 ಮತ್ತು 180. ನಿಮಗೆ ಡಾಟ್ 4 ಸಾಕು, ಆದರೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸಿ. ಅರ್ಧ ಲೀಟರಿನ ಎರಡು ಸೀಲ್ ಒಡೆಯದ ಡಬ್ಬಿ ತನ್ನಿ. ಕಳೆದ ವರ್ಷ ಉಳಿದದ್ದನ್ನು ಸುರಿಯಬೇಡಿ. ಡಾಟ್ 5 ಎಂದು ಸಿಗುವ ಸಿಲಿಕೋನ್ ಆಯಿಲ್ ಬೇರೆಯೇ ಜಾತಿ, ಇದರ ಜೊತೆ ಬೆರೆಸಬಾರದು. ಬಾನೆಟ್ ಮೇಲೆ ಡಾಟ್ 4 ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲವಾದರೆ ಪೇಂಟ್ ಎದ್ದು ಬರುತ್ತದೆ.

ಆಯಿಲ್ ಬದಲಿಸುವಾಗ ಪೈಪಿನೊಳಗೆ ಸೇರಿದ ಗಾಳಿ, ಅಂದರೆ ಏರ್ ತೆಗೆಯುವ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ, ಒಳಗಿನ ರಬ್ಬರ್ ವಾಷರ್ ದಿನವೂ ಓಡಾಡದ ಕೊನೆಯ ಭಾಗಕ್ಕೆ ತುಕ್ಕು ಹಿಡಿದಿರುತ್ತದೆ. ಏರ್ ತೆಗೆಯುವ ಭರದಲ್ಲಿ ಪೆಡಲನ್ನು ನೆಲದವರೆಗೆ ತುಳಿದರೆ ವಾಷರ್ ಅಲ್ಲಿ ಹೋಗಿ ಹರಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಸಿಲಿಂಡರ್ ಸಂಜೆಗೆ ಸೋರಲು ಇದೇ ಕಾರಣ, ಪಾಪ ಬೈಗುಳವೆಲ್ಲ ಹೊಸ ಆಯಿಲ್‌ಗೆ.

ಮೂರು ರಬ್ಬರ್ ಹೋಸ್‌ಗಳನ್ನೂ (ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು) ಸ್ಟೀಲ್ ಹೆಣಿಗೆಯ ಹೋಸ್‌ಗೆ ಬದಲಿಸಬಹುದು. ಇಲ್ಲಿ ಒಂದು ಅಪಾಯವಿದೆ. ಈ ಕಾರಿನ ಬ್ರೇಕ್ ಪೈಪ್ ನಟ್‌ಗಳು 3/8 ಇಂಚಿನ ಯುಎನ್‌ಎಫ್ (ಇಂಚು ಅಳತೆಯ) ಮರೆಯವು, ಅಂದರೆ ತಿರುಪಿನ ಸುರುಳಿ ಇಂಚಿಗೆ 24 ಸುತ್ತು. ಇಂದಿನ ಕಾರುಗಳ 10 ಮಿ.ಮೀ. ನಟ್ ಕಣ್ಣಿಗೆ ಹೆಚ್ಚುಕಡಿಮೆ ಅದೇ. 10 ಮಿ.ಮೀ. ತೂತಿಗೆ 3/8 ನಟ್ ಸಲೀಸಾಗಿ ಇಳಿಯುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಜೋರಾಗಿ ತುಳಿದ ದಿನ ಮರೆ ಕಿತ್ತುಕೊಂಡು ಬರುತ್ತದೆ. ಮೊದಲು ಬೆರಳಲ್ಲೇ ತಿರುಗಿಸಿ. ಅಲುಗಾಡುತ್ತಾ ಇಳಿದರೂ, ಎರಡು ಸುತ್ತಿಗೇ ಕಚ್ಚಿಕೊಂಡರೂ ಅದು ಆ ಜಾಗದ್ದಲ್ಲ.

ಪ್ಯಾಡ್ ರಸ್ತೆಗೆಂದೇ ಮಾಡಿದ್ದಿರಲಿ. ರೇಸ್ ಪ್ಯಾಡ್‌ಗಳು ಕಾದ ಮೇಲಷ್ಟೇ ಹಿಡಿಯುತ್ತವೆ. ಜಡಿಮಳೆಯ ಬೆಳಗ್ಗೆ ಮೊದಲ ತಿರುವಿನಲ್ಲೇ ಅವುಗಳ ಬಣ್ಣ ಗೊತ್ತಾಗುತ್ತದೆ. ಡಿಸ್ಕ್ ಓರೆಯನ್ನು ಡಯಲ್ ಗೇಜ್‌ನಲ್ಲಿ ನೋಡಿಸಿ, 0.1 ಮಿ.ಮೀ. ಮೀರಿದ್ದರೆ ಬದಲಿಸಿ. ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲು ವೇಗವನ್ನು 60ರಿಂದ 20 ಕಿ.ಮೀ.ಗೆ ಎಂಟು ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಸ್ವಲ್ಪ ದೂರ ಬ್ರೇಕಿಲ್ಲದೆ ಓಡಿಸಿ. ಕಾದಿರುವಾಗ ಪೆಡಲ್ ಒತ್ತಿಹಿಡಿದು ನಿಲ್ಲಬೇಡಿ.

ಹಿಂದಿನ ಡ್ರಮ್‌ಗಳನ್ನು ಮರೆಯುವವರೇ ಹೆಚ್ಚು. ಬ್ಯಾಕ್‌ಪ್ಲೇಟ್ ಹಿಂದಿನ ಚೌಕ ತಲೆಯ ಅಡ್ಜಸ್ಟರ್ ಅನ್ನು ಚಕ್ರ ನಿಲ್ಲುವವರೆಗೆ ತಿರುಗಿಸಿ, ಪೆಡಲ್ ಒಮ್ಮೆ ತುಳಿದು, ಚಕ್ರ ಸರಾಗ ತಿರುಗುವಷ್ಟು ಒಂದೆರಡು ಕ್ಲಿಕ್ ಬಿಡಿ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ಮೇಲೆ. ಡ್ರಮ್ ಒಳಗೆ ಉಜ್ಜುವ ಹಳೆಯ ಲೈನರ್‌ನ ಪುಡಿಯಲ್ಲಿ ಕಲ್ನಾರು ಇರಬಹುದು, ಕಂಪ್ರೆಸರ್ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಷ್ಟಾದ ಮೇಲೂ ನಾಲ್ಕು ಪಿಸ್ಟನ್ ಕ್ಯಾಲಿಪರ್ ಬೇಕೆನಿಸಿದರೆ ಎರಡು ಅಳತೆ ಮೊದಲೇ ತೆಗೆಯಿರಿ. ಒಂದು, ತಂತಿ ಚಕ್ರವಾಗಿದ್ದರೆ ಕಡ್ಡಿಗೂ ಕ್ಯಾಲಿಪರ್‌ಗೂ ನಡುವಿನ ಜಾಗ. ಎರಡು, ಪಿಸ್ಟನ್‌ಗಳ ಒಟ್ಟು ವಿಸ್ತೀರ್ಣ. ಅದು ಹೆಚ್ಚಿದರೆ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಅದಕ್ಕೆಂದು ಮಾಸ್ಟರ್ ಸಿಲಿಂಡರನ್ನು 3/4 ಇಂಚಿನಿಂದ 7/8ಕ್ಕೆ ಏರಿಸಿದರೆ ಅದೇ ಒತ್ತಡಕ್ಕೆ 36 ಶೇಕಡಾ ಹೆಚ್ಚು ತುಳಿಯಬೇಕು. ಬೂಸ್ಟರ್ ಕಾಲಿನ ಶ್ರಮ ತಗ್ಗಿಸುತ್ತದೆ ಅಷ್ಟೆ, ಶಾಖವನ್ನಲ್ಲ. ಎಂಜಿನ್ ಆಫ್ ಮಾಡಿ ಇಳಿಯುವವರಿಗೆ ಒಂದೆರಡು ತುಳಿತದಲ್ಲಿ ಅದರ ನೆರವೂ ಮುಗಿಯುತ್ತದೆ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಶೆಡ್‌ನಲ್ಲಿರುತ್ತದೆ. ಹೊರತೆಗೆದಾಗ ಮುಂದಿನ ಎಡ ಚಕ್ರ ಬಿಗಿಯಾಗಿರುತ್ತದೆ. ಕ್ಯಾಲಿಪರ್ ಬದಲಿಸಲೇ?
– ಓದುಗರು, ಸಕಲೇಶಪುರ

ಉತ್ತರ: ಜಾಕ್ ಹಾಕಿ, ಪೆಡಲ್ ಒಮ್ಮೆ ತುಳಿದು ಬಿಟ್ಟು, ಆ ಚಕ್ರದ ಬ್ಲೀಡಿಂಗ್ ನಿಪ್ಪಲ್ (ಏರ್ ತೆಗೆಯುವ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಕ್ಯಾಲಿಪರ್ ನಿರಪರಾಧಿ. ಹೋಸ್ ಒಳಗೋಡೆ ಊದಿ ಆಯಿಲ್ ಹಿಂದಕ್ಕೆ ಬರಲು ಬಿಡುತ್ತಿಲ್ಲ. ಆಗಲೂ ಬಿಗಿಯಾಗಿದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ. ಸ್ಟೇನ್‌ಲೆಸ್ ಪಿಸ್ಟನ್, ಸೀಲ್ ಕಿಟ್ ಹಾಕಿಸಿ. ತೊಳೆಯಲು ಬ್ರೇಕ್ ಆಯಿಲ್ ಮಾತ್ರ. ಸೀಮೆಎಣ್ಣೆ, ಡೀಸೆಲ್ ತಾಗಿದ ಸೀಲ್ ಉಬ್ಬಿ ಮತ್ತೆ ಜಾಮ್ ಆಗುತ್ತದೆ. ಶೆಡ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಡದೆ ಚಕ್ರಕ್ಕೆ ಅಡೆ ಕೊಡಿ, ಇಲ್ಲವಾದರೆ ಲೈನರ್ ಡ್ರಮ್‌ಗೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಟ್ರಯಂಫ್ ಸ್ಪಿಟ್‌ಫೈರ್‌ನ ಮುಂದಿನ ಡಿಸ್ಕ್ ಕೂರುತ್ತದೆಯೇ?
– ಓದುಗರು, ಹಾಸನ

ಉತ್ತರ: ಸ್ಪಿಟ್‌ಫೈರ್‌ನ ಮುಂಭಾಗ ಹೆರಾಲ್ಡ್‌ನಿಂದಲೇ ಬಂದದ್ದು, ಹಾಗಾಗಿ ಕೂರಿಸಬಹುದು. ಆದರೆ ಡಿಸ್ಕ್, ಕ್ಯಾಲಿಪರ್ ಮಾತ್ರ ಕೊಳ್ಳಬೇಡಿ. ಅಪ್‌ರೈಟ್ (ಹಬ್ ಹಿಡಿದಿರುವ ನೆಟ್ಟಗಿನ ಭಾಗ), ಹಬ್, ಕ್ಯಾಲಿಪರ್ ಬ್ರಾಕೆಟ್ ಎಲ್ಲವೂ ಒಂದೇ ಕಾರಿನ ಜೋಡಿಯಾಗಿರಲಿ. ಮಾಸ್ಟರ್ ಸಿಲಿಂಡರ್ ಕೂಡ ಡಿಸ್ಕ್ ಕಾರಿನದೇ ಬೇಕು. ಪ್ಯಾಡ್ ಸವೆದಂತೆಲ್ಲ ಆಯಿಲ್ ಕ್ಯಾಲಿಪರ್‌ಗೆ ಇಳಿಯುವುದರಿಂದ ಡ್ರಮ್ ಕಾರಿನ ಚಿಕ್ಕ ಡಬ್ಬಿ ಸಾಲದು. ಕೆಲವು ಡ್ರಮ್ ಸಿಲಿಂಡರ್‌ಗಳ ಬಾಯಲ್ಲಿ ಪೈಪಿನೊಳಗೆ ಸ್ವಲ್ಪ ಒತ್ತಡ ಉಳಿಸುವ ಪುಟ್ಟ ವಾಲ್ವ್ ಇರುತ್ತದೆ. ಅದು ಹಾಗೇ ಉಳಿದರೆ ಪ್ಯಾಡ್ ಸದಾ ಡಿಸ್ಕ್ ಉಜ್ಜುತ್ತಾ ಕಾಯುತ್ತದೆ.