ಎಐ ಸಂಶೋಧನೆಗೆ ಗಣಿತ ಬೇಕೇ ಬೇಕಾ?

ದಾವಣಗೆರೆಯಲ್ಲಿ ಬಿ.ಇ. ಓದುತ್ತಿರುವ ನೀವು ಕೇಳಿದ್ದು, ಪೈಥಾನ್ ಪ್ರೋಗ್ರಾಮಿಂಗ್ ಬಂದರೆ ಸಾಕಲ್ವಾ ಅಂತ. ಎಐ ಬಳಸಲು ಸಾಕು, ಸಂಶೋಧನೆಗೆ ಸಾಲದು.

ಬೆಣ್ಣೆದೋಸೆ ಹಾಕುವವರನ್ನು ನೋಡಿ. ದೋಸೆ ಸೀದರೆ ಸೌದೆ ಹಿಂದಕ್ಕೆ ಎಳೆಯುತ್ತಾರೆ, ಬೇಯದಿದ್ದರೆ ಒಳಗೆ ತಳ್ಳುತ್ತಾರೆ. ಎಐ ಒಳಗಿನ ಲೆಕ್ಕದ ಜಾಲವಾದ ನ್ಯೂರಲ್ ನೆಟ್‌ವರ್ಕ್ ಕಲಿಯುವುದೂ ಹೀಗೇ, ತಪ್ಪು ನೋಡಿ ತಿದ್ದಿಕೊಳ್ಳುತ್ತಾ. ಆದರೆ ಅಲ್ಲಿ ಸೌದೆಗಳು, ಅಂದರೆ ತಿದ್ದಬೇಕಾದ ಸಂಖ್ಯೆಗಳು, ಕೋಟಿಗಟ್ಟಲೆ ಇರಬಹುದು! ಯಾವುದನ್ನು ಯಾವ ಕಡೆ, ಎಷ್ಟು ಸರಿಸಬೇಕು ಅಂತ ಹೇಳುವುದು ಕ್ಯಾಲ್ಕುಲಸ್‌ನ ಚೈನ್ ರೂಲ್. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಅವರ ಪ್ರಬಂಧದಿಂದ ಹೆಸರಾದ ಕಲಿಕೆಯ ವಿಧಾನ ಬ್ಯಾಕ್‌ಪ್ರೊಪಗೇಶನ್ ನಿಂತಿರುವುದು ಇದರ ಮೇಲೆಯೇ. ಚೈನ್ ರೂಲ್ ಪಿಯುಸಿಯಲ್ಲಿ ಓದಿದ್ದೀರಿ, ಮರೆತಿರಬಹುದು ಅಷ್ಟೆ.

ಇದರ ಜೊತೆ ಬೇಕಾದ ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಪಾಠಗಳು ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸ್ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಆಮೇಲೆ ಎರಡು ಪದರದ ಪುಟ್ಟ ನೆಟ್‌ವರ್ಕ್ ಒಂದನ್ನು ರೆಡಿಮೇಡ್ ಕೋಡ್ ಲೈಬ್ರರಿ ಇಲ್ಲದೆ ನೀವೇ ಬರೆಯಿರಿ. ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ.