ಕೇಳಿ, ಹೇಳುತ್ತೇನೆ: ಸುಸ್ಥಿರತಾ ವರದಿಗೂ ವೋಚರ್ ಬೇಕು

ಪ್ರಶ್ನೆ: ಮೇಡಂ, ತಯಾರಿಕಾ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಪರಿಸರ, ಜನರ ವಿಷಯದಲ್ಲಿ ಕಂಪನಿ ಹೇಗೆ ನಡೆದುಕೊಂಡಿದೆಯೆಂದು ತಿಳಿಸುವ ಸುಸ್ಥಿರತಾ ವರದಿ ಕಡ್ಡಾಯವಾಗುತ್ತಿದೆಯೆಂದು ನಮ್ಮ ಎಂ.ಡಿ. ಅದರ ತಯಾರಿಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಒಬ್ಬ ಸಲಹೆಗಾರರು ಸಾಫ್ಟ್‌ವೇರ್ ಕೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ದೊಡ್ಡ ಕಂಪನಿಯ ವರದಿ ನೋಡಿಕೊಂಡು ಬರೆಯಿರಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಸಾಫ್ಟ್‌ವೇರ್ ಆಮೇಲೆ ಕೊಂಡರಾಯಿತು. ಇನ್ನೊಬ್ಬರ ವರದಿ ನೋಡಿ ಬರೆದರೆ ನಿಮಗಿಲ್ಲದ ತಾಪತ್ರಯಗಳೂ ಪುಟ ತುಂಬಿಕೊಳ್ಳುತ್ತವೆ. ನಿಮ್ಮ ಕಂಪನಿಗೆ ಮುಖ್ಯವಾದ ವಿಷಯಗಳು ಯಾವುವು ಎಂಬುದು ಮೊದಲು ತೀರ್ಮಾನವಾಗಲಿ. ಐರೋಪ್ಯ ಒಕ್ಕೂಟದ ನಿಯಮ ಇದನ್ನು ಎರಡು ಕಡೆಯಿಂದ ನೋಡಿ ಎನ್ನುತ್ತದೆ: ನಿಮ್ಮಿಂದ ಜನಕ್ಕೆ, ಪರಿಸರಕ್ಕೆ ಏನಾಗುತ್ತಿದೆ; ಬರ, ನೆರೆ, ಇಂಗಾಲದ ತೆರಿಗೆಯಂಥವುಗಳಿಂದ ನಿಮಗೆ ಏನಾಗಬಹುದು. ಅಂತರರಾಷ್ಟ್ರೀಯ ಸುಸ್ಥಿರತಾ ಮಾನದಂಡ ಮಂಡಳಿ 2023ರ ಜೂನ್‌ನಲ್ಲಿ ಹೊರಡಿಸಿದ ಎಸ್1, ಎಸ್2 ಮಾನದಂಡಗಳ ಗಮನ ಎರಡನೆಯದರ ಮೇಲೆ, ಅಂದರೆ ಹೂಡಿಕೆದಾರ ತಿಳಿಯಬೇಕಾದದ್ದರ ಮೇಲೆ. ನಿಮಗೆ ಯಾವ ನಿಯಮ ಅನ್ವಯ ಎಂಬುದನ್ನು ಕಂಪನಿ ಸೆಕ್ರೆಟರಿಯಿಂದ ಬರಹದಲ್ಲಿ ಪಡೆಯಿರಿ.

ಅಲ್ಲಿಂದಾಚೆಗಿನದು ನಿಮಗೆ ಗೊತ್ತಿರುವ ಕೆಲಸವೇ. ಪ್ರತಿ ಅಂಕಿಗೂ ವೋಚರ್ ಬೇಕು, ಅದನ್ನು ಕೊಟ್ಟವರ ಸಹಿ ಬೇಕು, ತಾಳೆ ನೋಡಿದವರ ಸಹಿಯೂ ಬೇಕು. ಕಂಪನಿ ಬಿಡುವ ಹೊಗೆಯ ಲೆಕ್ಕಕ್ಕೆ ಬೇಕಾಗುವ ಡೀಸೆಲ್ಲನ್ನೇ ತೆಗೆದುಕೊಳ್ಳಿ. ಸ್ಟೋರ್ಸ್‌ನವರ ಬಳಿ ಇರುವುದು ಕೊಂಡ ಲೀಟರ್, ಜನರೇಟರ್ ಲಾಗ್‌ಬುಕ್ಕಿನಲ್ಲಿ ಇರುವುದು ಉರಿದ ಲೀಟರ್. ಟ್ಯಾಂಕಿನ ಆರಂಭದ ಶಿಲ್ಕು, ಕೊನೆಯ ಶಿಲ್ಕು ಇಲ್ಲದೆ ಇವೆರಡೂ ಹೊಂದುವುದಿಲ್ಲ. ವಿದ್ಯುತ್ ಬಿಲ್ಲು ತಿಂಗಳ ನಡುವಿನಿಂದ ನಡುವಿಗೆ ಬರುತ್ತಿದ್ದರೆ, ವರ್ಷದ ಕೊನೆಯ ದಿನ ಮೀಟರ್ ಓದಿ ಒಂದು ಫೋಟೊ ತೆಗೆದಿಡಿ.

ಎ.ಸಿ. ಗ್ಯಾಸಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಸರ್ವೀಸಿನವರ ಬಿಲ್ಲಿನಲ್ಲಿ ‘ಗ್ಯಾಸ್ ಫಿಲ್ಲಿಂಗ್’ ಎಂದಷ್ಟೇ ಇರುತ್ತದೆ. ಯಾವ ಗ್ಯಾಸು, ಎಷ್ಟು ಕೆ.ಜಿ., ಕೇಳಬೇಡಿ! ಆರ್-410ಎ ಎಂಬ ಗ್ಯಾಸು ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. 10 ಕೆ.ಜಿ. ಸೋರಿದರೆ ನಿಮ್ಮ ಖಾತೆಗೆ 20 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟ ಲೆಕ್ಕ. ಡೀಸೆಲ್ ಸುಟ್ಟು ಅಷ್ಟಾಗಬೇಕಾದರೆ ಏಳು ಸಾವಿರ ಲೀಟರಿಗೂ ಮಿಕ್ಕಿ ಬೇಕು. ಗ್ಯಾಸಿನ ಹೆಸರು, ತೂಕ ಬರೆಯದ ಬಿಲ್ಲು ಪಾಸಾಗುವುದಿಲ್ಲ ಎಂದು ಮುಂದಿನ ವರ್ಕ್ ಆರ್ಡರಿನಲ್ಲೇ ಸೇರಿಸಿ. ನೂರು ಇಮೇಲಿಗೆ ಬಾರದ ಮಾಹಿತಿ ತಡೆಹಿಡಿದ ಒಂದು ಪೇಮೆಂಟಿಗೆ ಓಡಿ ಬರುವುದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಕಡ್ಡಾಯದ ವರ್ಷಕ್ಕೆ ಮುಂಚೆ ಒಂದು ತ್ರೈಮಾಸಿಕವನ್ನು ಪೂರ್ತಿ ಲೆಕ್ಕ ಹಾಕಿ, ಒಳ ಲೆಕ್ಕಪರಿಶೋಧಕರ ಮುಂದಿಡಿ. ಹೊರಗಿನವರು ಬಂದು ಕೇಳುವುದನ್ನು ಒಳಗಿನವರೇ ಮೊದಲು ಕೇಳಲಿ.

ಪ್ರಶ್ನೆ: ಐರೋಪ್ಯ ಒಕ್ಕೂಟವೇ 2025ರ ಏಪ್ರಿಲ್‌ನಲ್ಲಿ ಈ ವರದಿಯ ಗಡುವನ್ನು ಎರಡು ವರ್ಷ ಮುಂದಕ್ಕೆ ಹಾಕಿತಲ್ಲ. ನಾವೇಕೆ ಅವಸರ ಮಾಡಬೇಕು?

ಉತ್ತರ: ಹಾಕಿದ್ದು ನಿಜ, ಆಗಿನ್ನೂ ವರದಿ ಶುರು ಮಾಡದಿದ್ದ ಕಂಪನಿಗಳಿಗೆ. ಆದರೆ ನಿಮ್ಮ ಗಿರಾಕಿ ಕಂಪನಿ ವರದಿ ಕೊಡುತ್ತಿದ್ದರೆ ಗಡುವು ನಿಮಗೆ ಆ ದಾರಿಯಿಂದಲೇ ಬರುತ್ತದೆ. ಹಸಿರುಮನೆ ಅನಿಲಗಳ ಲೆಕ್ಕ ಇಡುವ ಪದ್ಧತಿಯಾದ ಜಿಎಚ್‌ಜಿ ಪ್ರೋಟೊಕಾಲ್‌ನ ಮೂರನೇ ವ್ಯಾಪ್ತಿಯಲ್ಲಿ, ಅಂದರೆ ಪೂರೈಕೆದಾರರು, ಗಿರಾಕಿಗಳಂಥ ಹೊರಗಿನವರ ಕಡೆಯಿಂದ ಬರುವ ಹೊಗೆಯ ಲೆಕ್ಕದಲ್ಲಿ, 15 ಬಾಬ್ತುಗಳಿವೆ. ಮೊದಲನೆಯದೇ ಕೊಂಡ ಸರಕು ಮತ್ತು ಸೇವೆ. ಅವರ ಪಟ್ಟಿಯ ಆ ಸರಕು ನಿಮ್ಮದು. ಕಳೆದ ವರ್ಷ ಬರೆದಿಡದ ಮೀಟರ್ ರೀಡಿಂಗನ್ನು ಈ ವರ್ಷ ಯಾರು ತಂದುಕೊಡುತ್ತಾರೆ?

ಪ್ರಶ್ನೆ: ನಮ್ಮ ಪೂರೈಕೆದಾರರು ಅಂಕಿಅಂಶ ಕೊಡುವುದಿಲ್ಲ. ಅಂದಾಜು ಹಾಕಬಹುದೇ?

ಉತ್ತರ: ಧಾರಾಳವಾಗಿ. ಅಂದಾಜು ಎಂದೇ ಬರೆಯಿರಿ, ಹೇಗೆ ಕಟ್ಟಿದಿರಿ ಎಂಬುದನ್ನೂ ಬರೆಯಿರಿ. ಖರ್ಚಾದ ಹಣದ ಮೇಲೆ ಕಟ್ಟಿದರೆ ಬೆಲೆ ಏರಿದ ವರ್ಷ ಹೊಗೆಯೂ ಏರಿದ ಹಾಗೆ ಕಾಣುತ್ತದೆ. ಸರಕಿನ ತೂಕ ಸಿಕ್ಕರೆ ತೂಕದ ಮೇಲೇ ಕಟ್ಟಿ. ಎಲ್ಲರಿಗೂ ಉದ್ದುದ್ದ ಎಕ್ಸೆಲ್ ಹಾಳೆ ಕಳಿಸುವ ಚಾಳಿ ಬಿಡಿ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನಂಥ ಹೆಚ್ಚು ಹೊಗೆಯ ಸರಕು ಕೊಡುವವರಿಗೆ ಫೋನ್ ಮಾಡಿ, ಉಳಿದವರಿಗೆ ಅಂದಾಜು ಸಾಕು.